ಕೊಳೆ ಇರುವ ಇಪ್ಪತ್ತೆಂಟು ಕಾಲು

ಹದಿಹರೆಯದ ಹುಡುಗರನ್ನು ಕಟ್ಟಿಕೊಂಡವನಿಗೆ ವಾರಕ್ಕೊಂದು ಸಲವಾದರೂ ಮಾನ ಹೋಗುತ್ತದೆ. ಎರಡು ಸಲ ಹೋದರೆ ಆ ವಾರ ಕೆಲಸ ಚೆನ್ನಾಗಿ ನಡೆದಿದೆ ಎಂದೇ ಅರ್ಥ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಲಾರಿ ಕ್ಲೀನರ್, ಬಂಗಾರಪೇಟೆಯ ಹೋಟೆಲಲ್ಲಿ ಸಪ್ಲೈಯರ್, ಹೊಸೂರಲ್ಲಿ ಪೇಂಟರ್, ಮಾರಿಕುಪ್ಪಂ ಟ್ರೇನಿನಲ್ಲಿ ಕಡಲೆಕಾಯಿ. ಒಂದು ಕಡೆ ಎರಡು ವರ್ಷ ನಿಂತವನಲ್ಲ. ಅಂಥವನನ್ನು ಊರಿಗಾಂನ ಗಣಿ ಕೆಲಸಗಾರರ ಲೈನ್‌ಮನೆಗಳ ನಡುವಿನ ನಮ್ಮ ಸಣ್ಣ ಚರ್ಚಿನ ಅಯ್ಯನವರು ಹಿಡಿದು ನಿಲ್ಲಿಸಿ, "ಇಲ್ಲಿನ ಹುಡುಗರ ಜೊತೆ ಇರ್ತೀಯಾ?" ಎಂದರು. "ನಾನೇನು ಕಲಿಸಲಿ ಅಯ್ಯನೋರೇ?" ಎಂದೆ. "ನೀನು ಕಲಿಸೋದು ಏನಿದೆ? ಇರು ಅಷ್ಟೆ," ಎಂದರು. ನಾಲ್ಕು ವರ್ಷವಾಯಿತು. ಇದ್ದೇನೆ.

ಹುಡುಗರು ಹದಿನಾಲ್ಕು ಜನ. ಹೆಚ್ಚಿನವರ ತಾತಂದಿರು ಚಿನ್ನದ ಗಣಿಗೆ ಇಳಿದವರು. ಅಪ್ಪ ಅಮ್ಮ ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಕೂಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಊರವರು ಈ ಹುಡುಗರಿಗೆ ಇಟ್ಟ ಹೆಸರು 'ಪೊರ್ಕಿಗಳು'. ಶನಿವಾರ ಮಧ್ಯಾಹ್ನ ಚರ್ಚಿನ ಪಕ್ಕದ ಹಳೇ ಹಾಲ್ ಕಟ್ಟಡ ನಮ್ಮದು. ಒಂದು ಕೇರಂ ಬೋರ್ಡು, ನಾಲ್ಕೇ ತಂತಿಯ ಗಿಟಾರು, ಬೈಬಲ್ಲಿನ ಒಂದು ಕಥೆ, ಒಂದು ಪ್ರಾರ್ಥನೆ, ಬನ್ನು, ಟೀ.

ಈ ಹಾಲಿನ ಮೇಲೆ ಚರ್ಚಿನ ಸೆಕ್ರೆಟರಿಯ ಕಣ್ಣು. ಈ ವರ್ಷ ಅವರು ಕಮಿಟಿಯಲ್ಲಿ ಎದ್ದು ಹೇಳಿಯೇಬಿಟ್ಟರು: "ಈಸ್ಟರ್ ತನಕ ನೋಡ್ತೀನಿ. ಅಷ್ಟರಲ್ಲಿ ಈ ಹುಡುಗರು ಚರ್ಚಿಗೆ ತಕ್ಕ ಹಾಗೆ ಆಗದಿದ್ರೆ ಹಾಲಿಗೆ ಬೀಗ."

ಬೀಗ ಬಿದ್ದರೆ ಹುಡುಗರಿಗೆ ಉಳಿಯುವುದು ಎರಡೇ ಜಾಗ. ಒಂದು, ಬ್ರಾಂದಿ ಅಂಗಡಿಯ ಹಿಂದಿನ ಗೋಡೆ. ಇನ್ನೊಂದು, ಮುಚ್ಚಿದ ಗಣಿಯೊಳಗೆ ನುಗ್ಗಿ ಹಳೇ ಕಬ್ಬಿಣ ಎಳೆಯುವವರ ಗುಂಪು. ಅದಕ್ಕೇ ನಾನೂ ಎದ್ದು, "ಹುಡುಗರು ಚರ್ಚಿಗೆ ತಕ್ಕ ಹಾಗೆ ಆಗ್ತಾರೋ, ಚರ್ಚು ಹುಡುಗರಿಗೆ ತಕ್ಕ ಹಾಗೆ ಆಗ್ತದೋ, ನೋಡೇಬಿಡೋಣ ಸಾರ್," ಎಂದೆ. ಬಾಯಿ ನನ್ನದು, ಓದು ಕಮ್ಮಿ.

ಆಮೇಲೆ ನಡೆದದ್ದು ಇಷ್ಟು.

೧. ಅವಸರ ಇಲ್ಲ

ಸೆಕ್ರೆಟರಿಯೇ ಬೆಂಗಳೂರಿನಿಂದ ಒಬ್ಬ ಭಾಷಣಕಾರರನ್ನು ಕರೆಸಿದರು. "ನಿನ್ನ ಕೈಲಿ ಆಗದ್ದು ಇವರ ಕೈಲಿ ಆಗ್ತದೆ, ನೋಡು."

ಬಂದವರು ತಮ್ಮ ಜೀವನದ ಸಾಕ್ಷಿ ಹೇಳಿದರು. "ನಾನು ಕುಡಿದೆ. ಸಿಗರೇಟು ಸೇದಿದೆ. ಬೈಕು ಕದ್ದೆ. ಅಪ್ಪನ ಮೇಲೆ ಕೈ ಎತ್ತಿದೆ. ಇಪ್ಪತ್ತಾರನೇ ವಯಸ್ಸಿನಲ್ಲಿ ದೇವರು ನನ್ನ ಕೈ ಹಿಡಿದ!"

ಹುಡುಗರು ಉಸಿರೆತ್ತದೆ ಕೇಳಿದರು. ನನ್ನ ಮಾತಿಗೆ ಒಂದು ದಿನವೂ ಹೀಗೆ ಕೂತವರಲ್ಲ. ಭಾಷಣಕಾರರ ಕಣ್ಣಲ್ಲಿ ನೀರು. "ಯಾರಿಗಾದ್ರೂ ಏನಾದ್ರೂ ಹೇಳಬೇಕು ಅನ್ನಿಸ್ತಿದೆಯಾ?"

ಹದಿನಾರು ವರ್ಷದ ನಮ್ಮ ಫುಟ್‌ಬಾಲ್ ಗೋಲ್‌ಕೀಪರ್ ಎದ್ದ. "ಎಷ್ಟನೇ ವಯಸ್ಸು ಅಂದ್ರಿ ಸಾರ್?"

"ಇಪ್ಪತ್ತಾರು, ಮಗನೇ."

ಅವನು ಬೆರಳು ಮಡಿಸಿ ನೋಡಿಕೊಂಡು ಗೆಳೆಯರ ಕಡೆ ತಿರುಗಿದ. "ಅವಸರ ಇಲ್ಲ ಕಣ್ರಲಾ. ನಮಗಿನ್ನೂ ಅತ್ತು ವರ್ಷ ಟೈಮೈತೆ."

೨. ಡ್ಯೂಟಿ

ಪ್ರಾರ್ಥನೆಗೆ ಕಣ್ಣು ಮುಚ್ಚಿ ಎಂದರೆ ನಮ್ಮವರು ಮುಚ್ಚುವವರಲ್ಲ. ಟ್ರೇನಿನಲ್ಲಿ ಬೆಳೆದ ಮಕ್ಕಳು. "ಕಣ್ ಮುಚ್ಚಿದ್ರೆ ಚಪ್ಲಿ ಓಗ್ತದೆ ಅಣ್ಣಾ," ಎನ್ನುತ್ತಾರೆ. ಅದರಲ್ಲಿ ಸುಳ್ಳೇನಿದೆ? ನನ್ನದೇ ಮೂರು ಜೊತೆ ಹೋಗಿವೆ.

ಬಯ್ಯಲಿಲ್ಲ. ಒಂದು ಏರ್ಪಾಡು ಮಾಡಿದೆ. ಹದಿಮೂರು ಜನ ಕಣ್ಣು ಮುಚ್ಚುವುದು, ಒಬ್ಬ ಬಾಗಿಲಲ್ಲಿ ನಿಂತು ಚಪ್ಪಲಿ ಕಾಯುವುದು. ವಾರಕ್ಕೊಬ್ಬನ ಸರದಿ. ಅಲ್ಲಿಂದ ಮುಂದೆ ಪ್ರಾರ್ಥನೆಯ ಹೊತ್ತಿಗೆ ಹಾಲು ಎಷ್ಟು ಶಾಂತವಾಯಿತೆಂದರೆ ಒಬ್ಬಿಬ್ಬರು ಗೊರಕೆಯನ್ನೂ ಹೊಡೆದರು.

ಒಂದು ಶನಿವಾರ ಸೆಕ್ರೆಟರಿ ಹೇಳದೆ ಕೇಳದೆ ಬಂದು ಬಾಗಿಲಲ್ಲೇ ನಿಂತರು. ನಾನು ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟಾಗ ಕಾವಲಿನ ಹುಡುಗನನ್ನು ಹಿಡಿದುಕೊಂಡಿದ್ದರು.

"ಏನೋ, ದೇವರ ಮುಂದೆ ತಲೆ ಬಗ್ಗಿಸೋ ಹೊತ್ತಲ್ಲಿ ಮಿಕಮಿಕ ಅಂತ ಕಣ್ಣು ಬಿಟ್ಕೊಂಡು ನಿಂತಿದ್ದೀಯಾ?"

"ಈ ವಾರ ನಂದು ಡ್ಯೂಟಿ ಸಾರ್."

"ಡ್ಯೂಟಿನಾ?"

"ಊಂ ಸಾರ್." ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ: "ನೀವೂ ಬಿಟ್ಕಂಡೇ ಇದ್ರಲ್ಲಾ. ನಿಮಗ್ಯಾರ್ ಸಾರ್ ಡ್ಯೂಟಿ ಆಕಿದ್ದು?"

ಅವನಿಗೆ ನಾನು ಬುದ್ಧಿ ಹೇಳಬೇಕಿತ್ತು. ಎರಡನೇ ಬನ್ನು ಕೊಟ್ಟೆ.

೩. ಅಜ್ಜಿಯ ತಕರಾರು

ಹುಡುಗರಲ್ಲಿ ಒಬ್ಬ ಕ್ಯಾಸಂಬಳ್ಳಿ ಕಡೆಯ ಹಳ್ಳಿಯವನು. ಶಾಲೆಗೆಂದು ಬಸ್ಸಿನಲ್ಲಿ ಬರುವವನು ಶನಿವಾರ ನಮ್ಮಲ್ಲಿ ಇಳಿಯುತ್ತಾನೆ. ಹಿಂದೂ ಮನೆ, ಎರಡು ಹಸು, ಒಬ್ಬ ತಾತ, ಒಬ್ಬ ಅಜ್ಜಿ.

ಆ ಅಜ್ಜಿ ಒಂದು ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಲಿನೊಳಕ್ಕೇ ನುಗ್ಗಿದರು. ಸೆಕ್ರೆಟರಿಯೂ ಅಂಗಳದಲ್ಲಿದ್ದರು. ಗಲಾಟೆಯಾದರೆ ಅಲ್ಲೇ ಬೀಗ ಹಾಕಿಸಿಬಿಡುವ ಹುರುಪಿನಲ್ಲಿ ಅವರೂ ಬಂದು ನಿಂತರು.

"ಯಾರಪ್ಪಾ ನಮ್ ಉಡುಗನ್ನ ಇಲ್ಲಿ ಕೂಡಾಕ್ಕಂಡಿರೋದು?"

"ನಾನೇ ಅಜ್ಜಿ."

"ಏನ್ ಮಾಡ್ತಿದೀಯ ಅವ್ನಿಗೆ? ಜಾತಿ ಕೆಡಿಸ್ತಿದೀಯಾ?"

"ಇಲ್ಲಜ್ಜಿ. ನಿಮ್ಮ ದೇವರ ತಂಟೆಗೆ ನಾವು ಬಂದಿಲ್ಲ. ನಮ್ಮ ಯೇಸು ಕಥೆ ಹೇಳ್ತೀವಿ, ಬೇಕಾದವ್ರು ಕೇಳ್ತಾರೆ. ಜೊತೇಲಿ ಕೂತು ಕೇರಂ ಆಡ್ತೀವಿ."

"ಬರೀ ಕೇರಮ್ಮಾ?" ಅಜ್ಜಿ ನಂಬಲಿಲ್ಲ. "ಮೂರ್ ತಿಂಗಳಿಂದ ಕರೆಯೋಕ್ ಮುಂಚೆ ಎದ್ದೇಳ್ತಾನೆ. ಸಗಣಿ ಬಾಚ್ತಾನೆ. ಎದುರುತ್ತರ ಕೊಡಲ್ಲ. ಮೊನ್ನೆ ನನ್ ಕಾಲ್ ಒತ್ತಿದ! ನನಗೆ ಭಯ ಆಗೋತು, ಉಡುಗನಿಗೆ ಏನೋ ಮೆಟ್ಕಂಡೈತೆ ಅಂತ."

ಕೇರಂ ಬೋರ್ಡನ್ನು ತೋರಿಸಿದೆ. ಸುತ್ತ ಬಂದು ನೋಡಿದರು. ಬೆರಳಿಂದ ಮುಟ್ಟಿ ನೋಡಿದರು. ಪೌಡರು ಮೂಸಿಯೂ ನೋಡಿದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ನಿನ್ ದೇವ್ರು ನಿಂಗಿರ್ಲಿ, ನಮ್ ದೇವ್ರು ನಮ್ಗಿರ್ಲಿ. ಈ ಕೇರಮ್ ಅಲಗೆ ಮಾತ್ರ ಒಂದ್ ವಾರ ಕೊಡಪ್ಪಾ. ನಮ್ ಯಜಮಾನ್ರನ್ನ ಕೂರಿಸಿ ನೋಡ್ತೀನಿ."

೪. ಆ ಅಮ್ಮ ಎದ್ದರೆ ಏಳಿ

ಅಜ್ಜಿ ಗಲಾಟೆ ಮಾಡದೆ ಹೋದದ್ದು ಸೆಕ್ರೆಟರಿಗೆ ಸರಿಬರಲಿಲ್ಲ. "ಶನಿವಾರದ ಆಟ ಬೇಡ. ಭಾನುವಾರದ ಆರಾಧನೆಗೆ ಕರ್ಕೊಂಡು ಬಾ. ಎಲ್ಲರ ಮುಂದೆ ನೋಡೋಣ," ಎಂದರು. ಈಸ್ಟರಿಗೆ ಎರಡು ವಾರ ಉಳಿದಿತ್ತು.

ಹದಿನಾಲ್ಕು ಜನವೂ ತಲೆಗೆ ಎಣ್ಣೆ ಹಚ್ಚಿ ಬಂದರು. ಅವರ ಚಿಂತೆ ಒಂದೇ: "ಯಾವಾಗ ಎದ್ ನಿಲ್ಬೇಕು, ಯಾವಾಗ ಕೂರ್ಬೇಕು ಅಂತ ಗೊತ್ತಾಗಲ್ಲ ಅಣ್ಣಾ. ಎಲ್ಲಾರೂ ನಗ್ತಾರೆ."

ಮುಂದಿನ ಸಾಲಿನಲ್ಲಿ ಬಿಳಿ ಸೀರೆಯ ವಯಸ್ಸಾದ ಅಮ್ಮ ಒಬ್ಬರು ಕೂತಿದ್ದರು. ಹುಟ್ಟಿದಾಗಿನಿಂದ ಅದೇ ಚರ್ಚು. ಅವರನ್ನು ತೋರಿಸಿ, "ಎಲ್ಲೂ ನೋಡಬೇಡಿ, ಆ ಅಮ್ಮನ್ನ ನೋಡಿ. ಅವರು ಎದ್ದರೆ ಏಳಿ, ಕೂತರೆ ಕೂರಿ. ತಪ್ಪೋದೇ ಇಲ್ಲ," ಎಂದು ಹೇಳಿ ನಾನು ಗಿಟಾರ್ ಹಿಡಿದು ಮುಂದೆ ಹೋದೆ.

ಅಂದು ಅಯ್ಯನವರಿಗೆ ಬಂಗಾರಪೇಟೆಯಲ್ಲಿ ಆರಾಧನೆ ಇತ್ತು. ಇಲ್ಲಿ ಉಪದೇಶದ ಪ್ರಸಂಗ ಮಾಡಿದ್ದು ಸೆಕ್ರೆಟರಿಯೇ. ಅರ್ಧ ಗಂಟೆ ಹುಡುಗರು ಮಿಲಿಟರಿಯವರ ಹಾಗೆ ಎದ್ದರು, ಕೂತರು. ಊರೇ ತಿರುಗಿ ನೋಡಿತು. ನನ್ನ ಎದೆ ಉಬ್ಬಿತು.

ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡು, "ಎರಡನೆಯದಾಗಿ..." ಎಂದರು. ಆ ಅಮ್ಮ ಎದ್ದರು.

ಹದಿನಾಲ್ಕು ಜನವೂ ಎದ್ದರು.

ಅಮ್ಮ ಪಕ್ಕದ ಬಾಗಿಲಿಂದ ಹೊರಗೆ ನಡೆದರು. ಹದಿನಾಲ್ಕು ಜನವೂ ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು, ತಲೆ ತಗ್ಗಿಸಿ, ಸಾಲಾಗಿ ಹೊರಗೆ ನಡೆದರು. ಸೆಕ್ರೆಟರಿ 'ಎರಡನೆಯದಾಗಿ'ಯಲ್ಲೇ ನಿಂತುಬಿಟ್ಟರು. ಆ ಎರಡನೆಯದು ಏನಿತ್ತೋ, ಇವತ್ತಿಗೂ ಯಾರಿಗೂ ತಿಳಿಯದು.

ಆರಾಧನೆ ಮುಗಿಸಿ ಹುಡುಕಿಕೊಂಡು ಹೋದೆ. ಆ ಅಮ್ಮನ ಲೈನ್‌ಮನೆಯಲ್ಲಿ ಗೋಡೆಯಿಂದ ಗೋಡೆಗೆ ಕೂತು ಎಲ್ಲರೂ ಇಡ್ಲಿ, ಕೋಳಿ ಸಾರು ಹೊಡೆಯುತ್ತಿದ್ದರು. "ಒಲೆ ಮೇಲೆ ಸಾರಿಟ್ಟು ಮರ್ತು ಬಂದಿದ್ದೆನಪ್ಪಾ," ಎಂದರು ಅಮ್ಮ. "ನೆನಪಾಗಿ ಓಡಿ ಬಂದೆ. ಬಾಗಿಲಲ್ಲಿ ತಿರುಗಿ ನೋಡಿದ್ರೆ ಹದಿನಾಲ್ಕು ಮಕ್ಳು! ಏನ್ ಮಾಡ್ಲಿ? ಕೂರಿಸ್ದೆ."

ಗೋಲ್‌ಕೀಪರ್ ಬೆರಳು ನೆಕ್ಕುತ್ತಾ ನನ್ನನ್ನು ನೋಡಿದ. "ಚರ್ಚು ಇಷ್ಟು ಚೆನ್ನಾಗಿರ್ತದೆ ಅಂತ ಮೊದ್ಲೇ ಯಾಕಣ್ಣಾ ಹೇಳ್ಲಿಲ್ಲ?"

೫. ಕಾಲು ತೊಳೆಯುವ ಗುರುವಾರ

ಸೆಕ್ರೆಟರಿ ಅದನ್ನು ಬಹಿಷ್ಕಾರ ಎಂದೇ ತೀರ್ಮಾನಿಸಿದರು. "ಈಸ್ಟರ್ ಕಳೆದ ಸೋಮವಾರವೇ ಬೀಗ," ಎಂದರು. "ಹಾಕಿ ಸಾರ್. ಮೆಟ್ಟಿಲಿಗೆ ಬೀಗ ಹಾಕೋಕಾಗಲ್ಲ. ಅಲ್ಲೇ ಕೂರ್ತೀವಿ," ಎಂದೆ. ಹಾಗೆಂದವನು ಮನೆಗೆ ಹೋಗುವಾಗ ಮೆಟ್ಟಿಲ ಅಗಲ ಅಳೆದು ನೋಡಿದೆ.

ಗುಡ್ ಫ್ರೈಡೇ ಹಿಂದಿನ ಗುರುವಾರ ಸಂಜೆ ಅಯ್ಯನವರು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಪ್ರತಿ ವರ್ಷವೂ ಆ ಹನ್ನೆರಡು ಕುರ್ಚಿ ಕಮಿಟಿಯವರದೇ. ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಪೌಡರು ಬಳಿದ ಕಾಲು ತಂದು ತೊಳೆಸಿಕೊಳ್ಳುತ್ತಾರೆ.

ಈ ಸಲ ನಾನು ಅಯ್ಯನವರ ಬಳಿ ಹೋಗಿ, "ಕಾಲು ತೊಳೆಯೋಕೆ ಕೊಳೆ ಇರೋ ಕಾಲು ಬೇಕಲ್ಲ ಅಯ್ಯನೋರೇ? ನನ್ನ ಹತ್ರ ಇಪ್ಪತ್ತೆಂಟು ಇವೆ," ಎಂದೆ. ಅವರು ನಕ್ಕು, ಆರು ಕುರ್ಚಿ ಹುಡುಗರಿಗೆ, ಆರು ಹಿರಿಯರಿಗೆ ಎಂದರು. ಸೆಕ್ರೆಟರಿ ಏಳನೇ ಕುರ್ಚಿಯಲ್ಲಿ ಬಿಗಿದು ಕೂತರು.

ಹುಡುಗರು ಬಂದದ್ದು ಸೀದಾ ಗಣಿಯ ಬೂದಿಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಮೈದಾನದಿಂದ. ಮೊಣಕಾಲ ತನಕ ಬೂದಿ ಬಣ್ಣ. ಅಯ್ಯನವರು ಮಂಡಿಯೂರಿ ಗೋಲ್‌ಕೀಪರನ ಪಾದ ಹಿಡಿದರು. ಅವನು ಬೆಂಕಿ ತಗುಲಿದ ಹಾಗೆ ಎದ್ದ.

"ಬ್ಯಾಡ ಅಯ್ಯನೋರೇ! ದೊಡ್ಡೋರು ಕಾಲ್ ಮುಟ್ಟಿದ್ರೆ ನಂಗೆ ಪಾಪ ಬತ್ತದೆ!"

ಪಾಪ ಕಳೆಯಲು ಅವನು ದಡಕ್ಕನೆ ಬಗ್ಗಿ ಅಯ್ಯನವರ ಕಾಲು ಹಿಡಿದ. ಅವನನ್ನು ಎತ್ತಲು ಅಯ್ಯನವರು ಬಗ್ಗಿದರು. ಎರಡು ತಲೆಯೂ ಢೀ ಎಂದವು. ಕೊನೆಗೆ ಒಪ್ಪಂದವಾಯಿತು: ಅಯ್ಯನವರು ಅವನದು ತೊಳೆಯುವುದು, ಅವನು ಅಯ್ಯನವರದು ತೊಳೆಯುವುದು. ಉಳಿದ ಐವರೂ ಅದೇ ಹಟ ಹಿಡಿದರು. ಆರು ಸಲ ಎದ್ದು ಕೂತು ತೊಳೆಸಿಕೊಳ್ಳುವ ಹೊತ್ತಿಗೆ ಅಯ್ಯನವರ ಮಂಡಿ ಸೋತಿತು. ಏಳನೆಯವರ ಹತ್ತಿರ ಬಂದವರು ನೆಲದಿಂದ ಏಳಲಾರದೆ ಕೂತುಬಿಟ್ಟರು.

ಆರನೇ ಕುರ್ಚಿಯ ಹುಡುಗ ಟವೆಲ್ಲನ್ನು ಅವರ ಹೆಗಲಿಂದ ಎತ್ತಿಕೊಂಡ. ಅವನು ಬಂಗಾರಪೇಟೆಯಲ್ಲಿ ಬೈಕು ತೊಳೆಯುವ ವಾಟರ್ ಸರ್ವೀಸ್ ಅಂಗಡಿಯಲ್ಲಿ ಕೆಲಸ ಮಾಡುವವನು. "ನೀವ್ ಕೂತ್ಕಳಿ ಅಯ್ಯನೋರೇ. ಇದು ನನ್ ಕೆಲ್ಸ."

ಸೆಕ್ರೆಟರಿಯ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡ. ಕೆಲಸ ಬಲ್ಲ ಕೈ. ಹಿಮ್ಮಡಿ ಆಯಿತು. ಪಾದದ ಅಡಿ ಆಯಿತು. ಬೆರಳ ಸಂದಿಗೆ ತನ್ನ ಬೆರಳು ತೂರಿಸಿ, ಚಕ್ರದ ಕಡ್ಡಿ ಉಜ್ಜುವ ಹಾಗೆ ಉಜ್ಜತೊಡಗಿದ.

ಸೆಕ್ರೆಟರಿಯ ಮುಖ ಮೊದಲು ಕೆಂಪಾಯಿತು. ಆಮೇಲೆ ಮೂಗಿನಿಂದ 'ಕ್ಕೀ' ಎಂಬ ಸದ್ದು ಬಂತು. ಇಡೀ ಸಭೆ ತಲೆ ಎತ್ತಿತು. ಇನ್ನೊಂದು ಬೆರಳು. "ಕ್ಕೀ... ಬಿಡೋ... ಹ್ಹಿ ಹ್ಹಿ ಹ್ಹೀ!" ಚರ್ಚಿನ ಸೆಕ್ರೆಟರಿ, ವರ್ಷದ ಅತಿ ಗಂಭೀರ ಆರಾಧನೆಯಲ್ಲಿ, ಕುರ್ಚಿ ಹಿಡಿದುಕೊಂಡು ಕಿಲಕಿಲ ನಗುತ್ತಿದ್ದರು. ಬಲಗಾಲು ಜಾಡಿಸಿದ ರಭಸಕ್ಕೆ ಬೇಸಿನ್ ಉರುಳಿತು. ಅಯ್ಯನವರು ತೊಯ್ದು ತೊಪ್ಪೆಯಾದರು.

ಹೆಂಗಸರ ಸಾಲಿನಿಂದ ಸೆಕ್ರೆಟರಿಯ ಹೆಂಡತಿ ಎದ್ದು ನಿಂತರು. "ಬಿಡಬೇಡ ಮಗಾ! ಮದುವೆಯಾಗಿ ಮೂವತ್ತು ವರ್ಷಕ್ಕೆ ಇವರ ನಗು ಇವತ್ತು ಕೇಳ್ತಿದ್ದೀನಿ!"

ಹುಡುಗ ಬಿಡಲಿಲ್ಲ. ಪಾದವನ್ನು ಇನ್ನೂ ಭದ್ರವಾಗಿ ಹಿಡಿದು, ಒಂದು ಬೆರಳನ್ನು ಅಂಗಾಲಿಗೆ ಒತ್ತಿ ಇಟ್ಟುಕೊಂಡು, ತಲೆ ಎತ್ತಿ ಕೇಳಿದ:

"ಸಾರ್, ಸೋಮವಾರ ನಮ್ ಆಲ್‌ಗೆ ಬೀಗ ಆಕ್ತೀರಾ?"

"ಅದು ಬೇರೆ ವಿಷ್... ಹ್ಹಿ ಹ್ಹೀ... ಇಲ್ಲ! ಇಲ್ಲಪ್ಪಾ, ಹಾಕಲ್ಲ! ಬಿಡು!"

"ಮುಂದಿನ್ ವರ್ಷ?"

"ಯಾವತ್ತೂ ಹಾಕಲ್ಲ! ಅಯ್ಯನೋರ ಮುಂದೆ ಹೇಳ್ತಿದೀನಿ, ಯಾವತ್ತೂ ಹಾಕಲ್ಲ!"

"ಆಮೆನ್," ಎಂದರು ಅಯ್ಯನವರು ನೀರಿನಲ್ಲಿ ಕೂತೇ. ಸಭೆಯೆಲ್ಲ "ಆಮೆನ್" ಎಂದಿತು.

ಹುಡುಗ ಎಡಗಾಲನ್ನು ಟವೆಲ್ಲಿನಿಂದ ಒರೆಸಿ, ಮೆಲ್ಲಗೆ ಕೆಳಗಿಟ್ಟು, ಕೈ ಚಾಚಿದ.

"ಸರಿ ಸಾರ್. ಮುಂದಿನ್ ಚಕ್ರ ಆತು, ಈಗ ಇಂದಿನ್ ಚಕ್ರ ಕೊಡಿ."