ಗೇರಣ್ಣನ ಎಡಗಾಲು

ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೂ ಅವನನ್ನು ಗೇರಣ್ಣ ಎಂದೇ ಕರೆಯುತ್ತಿದ್ದರು. ಪಕ್ಕದ ಬೀದಿಯಲ್ಲಿ ಹೋಗುವ ಲಾರಿಯ ಸದ್ದು ಕೇಳಿಯೇ, "ಸೆಕೆಂಡಿಗೆ ಹಾಕೋ, ಅಳ್ತಾ ಇದೆ ಪಾಪ!" ಎಂದು ಇಲ್ಲಿಂದಲೇ ಕೂಗುವಂಥ ಪಂಡಿತ! ಅವನ ಲೆಕ್ಕದಲ್ಲಿ ಜಗತ್ತಿನ ಜನ ಎರಡೇ ಬಗೆ: ಕ್ಲಚ್ ತುಳಿಯುವವರು ಮತ್ತು ಬಾಳಿನಲ್ಲಿ ಏನನ್ನೂ ಸಾಧಿಸದವರು.

ಅಂಥವನ ಹೆಂಡತಿಯೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಟ್ರಕ್ಕಿನಲ್ಲಿ ಕಲಿತು, ಲೈಸೆನ್ಸು ಹಿಡಿದುಕೊಂಡು ಮನೆಗೆ ಬಂದಳು!

"ಅದು ಲೈಸೆನ್ಸಲ್ಲ ಕಣೇ, ಟಿಕೆಟ್ಟು! ಸುಮ್ನೆ ಕೂತ್ಕೊಂಡು ಹೋಗೋರಿಗೆ ಕೊಡ್ತಾರೆ," ಎಂದ ಗೇರಣ್ಣ.

"ಹೇಗೋ ಒಂದು, ಊರು ಸೇರ್ತೀನಲ್ಲ ರೀ."

"ಎಡಗಾಲಿಗೆ ಕೆಲಸಾನೇ ಇಲ್ಲದ್ದು ಒಂದು ಡ್ರೈವಿಂಗಾ?"

ಅಷ್ಟರಲ್ಲಿ ಅತ್ತೆ ಮನೆ ಬದಲಾಯಿಸುವ ದಿನ ಬಂತು. ಸಾಮಾನು ಸಾಗಿಸುವುದು ಅಳಿಯನ ಪಾಲಿಗೆ ಬಿತ್ತು. ಅತ್ತೆಗೆ ಇದ್ದದ್ದು ಒಂದೇ ಚಿಂತೆ, ಆಳೆತ್ತರದ ನಿಲುಗನ್ನಡಿ. ತೀರಿಹೋದ ಮಾವ ಮದುವೆಯಾದ ಹೊಸತರಲ್ಲಿ ತಂದುಕೊಟ್ಟದ್ದು. "ಮಂಚ ಮುರೀಲಿ, ಪಾತ್ರೆ ನೆಗ್ಗಲಿ, ಇದಕ್ಕೆ ಮಾತ್ರ ಏನೂ ಆಗಬಾರದು ಅಳಿಯಂದ್ರೇ," ಎಂದರು.

ಗೇರಣ್ಣನ ಲಾರಿ ಆಗ ಗ್ಯಾರೇಜಿನಲ್ಲಿ ಚಕ್ರ ಕಳಚಿಕೊಂಡು ಮಲಗಿತ್ತು. ಲಾರಿ ಮಾಲೀಕರು ಹೊಸ ಟ್ರಕ್ಕನ್ನು ಅತ್ತೆಯ ಹಳೇ ಮನೆ ಬಾಗಿಲಿಗೇ ಕಳಿಸಿ ಕೀಲಿ ಕೊಡಿಸಿದರು. ಹತ್ತಿ ನೋಡಿದರೆ ಆಟೋಮ್ಯಾಟಿಕ್ಕು!

"ನಾನು ಓಡಿಸ್ಲಾ?" ಎಂದಳು ಹೆಂಡತಿ.

ಗೇರಣ್ಣ ಅತ್ತೆಯ ಎದುರಲ್ಲೇ ಮೀಸೆ ತಿರುವಿದ. ಅದೇನು ಸಾಮಾನ್ಯ ಮೀಸೆಯಲ್ಲ, ಸ್ಟ್ಯಾಂಡಿಗೇ ಕಿರೀಟ. "ಈ ಆಟಿಕೆಯನ್ನ ನಾನೇ ಓಡಿಸ್ಕೊಂಡು ಹೋಗಿ ಅತ್ತೆ ಹೊಸ ಮನೆ ಬಾಗಿಲಲ್ಲಿ ನಿಲ್ಲಿಸ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೋತೀನಿ!"

ಕನ್ನಡಿಯನ್ನು ಎರಡು ಹಾಸಿಗೆಗಳ ನಡುವೆ ಕಟ್ಟಿ ನಿಲ್ಲಿಸಿದರು. ಮುಂದೆ ಗೇರಣ್ಣ, ನಡುವೆ ಹೆಂಡತಿ, ಕಿಟಕಿಯ ಕಡೆ ಅತ್ತೆ, ಅತ್ತೆಯ ಮಡಿಲಲ್ಲಿ ಬಣ್ಣದ ಮೀನಿದ್ದ ಗಾಜಿನ ಬೋಗುಣಿ. ಟ್ರಕ್ಕು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. "ಇಷ್ಟೇನಾ!" ಎಂದ ಗೇರಣ್ಣ.

ಹತ್ತು ಮಾರು ಹೋಗಿರಲಿಲ್ಲ, ಇಂಜಿನ್ನಿನ ಸದ್ದು ಏರಿತು. ಸದ್ದು ಏರಿದರೆ ಗೇರು ಬದಲಿಸಬೇಕು, ಬದಲಿಸಬೇಕಾದರೆ ಕ್ಲಚ್ ತುಳಿಯಬೇಕು. ಎಡಗಾಲು ಯಾರನ್ನೂ ಕೇಳದೆ ಎದ್ದು, ಇದ್ದ ಬಲವನ್ನೆಲ್ಲ ಹಾಕಿ ತುಳಿಯಿತು. ಅಲ್ಲಿದ್ದದ್ದು ಅಗಲವಾದ ಬ್ರೇಕು!

ಟ್ರಕ್ಕು ಗಕ್ಕನೆ ನಿಂತಿತು. ಹಿಂದೆ ಪಾತ್ರೆಗಳು ಧಡಾರ್ ಎಂದವು. ಬೋಗುಣಿಯ ನೀರು ಅತ್ತೆಯ ಮುಖಕ್ಕೆ ರಾಚಿತು.

"ಅಯ್ಯೋ, ನನ್ನ ಕನ್ನಡಿ!"

"ನಾಯಿ ಅಡ್ಡ ಬಂತು ಅತ್ತೆ," ಎಂದ ಗೇರಣ್ಣ.

ಮುಂದಿನ ತಿರುವಿನಲ್ಲಿ ಇನ್ನೊಂದು ನಾಯಿ ಅಡ್ಡ ಬಂತು. ಅಂಗಡಿಬೀದಿಯಲ್ಲಿ ಮತ್ತೊಂದು. ಅತ್ತೆ ಸೆರಗು ಹಿಂಡಿಕೊಳ್ಳುತ್ತಾ, "ಅಷ್ಟೂ ನಾಯಿ ನಿಮಗೊಬ್ಬರಿಗೇ ಕಾಣ್ಸುತ್ತಲ್ಲ ಅಳಿಯಂದ್ರೇ!" ಎಂದರು.

"ಎಡಗಾಲು ಎತ್ತಿ ಪಕ್ಕಕ್ಕಿಡಿ ರೀ. ಸ್ಕೂಲಲ್ಲಿ ಮೊದಲನೇ ಪಾಠ ಅದು."

"ಪಕ್ಕಕ್ಕೇ ಇಟ್ಟಿದೀನಿ ಕಣೇ, ಅದೇ ವಾಪಸ್ ಬರುತ್ತೆ!"

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ! ಕೊನೆಗೆ ಅತ್ತೆಯೇ ಒಂದು ಟವೆಲ್ಲು ಕೊಟ್ಟರು. ಹೆಂಡತಿ ಅವನ ಎಡಗಾಲನ್ನು ಸೀಟಿನ ಕಾಲಿಗೆ ಬಿಗಿದಳು. ಕಟ್ಟಿಹಾಕಿದ ಆನೆಯಂತೆ ಗೇರಣ್ಣ ಗಂಭೀರವಾಗಿ ಹೊರಟ. ಸ್ವಲ್ಪ ದೂರ ಎಲ್ಲವೂ ಸುಸೂತ್ರ.

ಆಮೇಲೆ ಏರುರಸ್ತೆ ಬಂತು. ಏರು ಎಂದರೆ ಗೇರು ಇಳಿಸಬೇಡವೇ? ಕಾಲನ್ನು ಕಟ್ಟಿದ್ದರು, ಕೈಯನ್ನು ಯಾರೂ ಕಟ್ಟಿರಲಿಲ್ಲ. ಎಡಗೈ ಸರಕ್ಕನೆ ಹಿಡಿಕೆಯನ್ನು ತಳ್ಳಿತು. ಅದು ಹೋಗಿ ನ್ಯೂಟ್ರಲ್ಲಿನಲ್ಲಿ ಕೂತಿತು. ಇಂಜಿನ್ನು ಅಬ್ಬರಿಸಿತು, ಟ್ರಕ್ಕು ಮಾತ್ರ ಹಿಂದಕ್ಕೆ ಹೊರಟಿತು! ಹಿಂದೆ ಮೊಟ್ಟೆಯ ವ್ಯಾನು.

"ಬ್ರೇಕು ರೀ!"

ಗಾಬರಿಯಲ್ಲಿ ಗೇರಣ್ಣನಿಗೆ ನೆನಪಾದದ್ದು ಎಡಗಾಲೊಂದೇ. ಅದು ಟವೆಲ್ಲಿನೊಳಗೆ ಒದ್ದಾಡಿತು. ಬಲಗಾಲಿಗೆ ಬುದ್ಧಿ ಬರುವುದರೊಳಗೆ ಹೆಂಡತಿ ಹ್ಯಾಂಡ್‌ಬ್ರೇಕ್ ಎಳೆದಿದ್ದಳು. ಮೊಟ್ಟೆಗಳಿಗೂ ಟ್ರಕ್ಕಿಗೂ ನಡುವೆ ಗೇಣು ಜಾಗ ಉಳಿದಿತ್ತು.

ಅತ್ತೆ ಬೈಯಲಿಲ್ಲ. ಬೋಗುಣಿಯನ್ನು ಅಪ್ಪಿಕೊಂಡು, "ನಿಮ್ಮ ಮಾವ ಆ ಕನ್ನಡೀನ ಹೆಗಲ ಮೇಲೆ ಹೊತ್ಕೊಂಡು ತಂದಿದ್ರು," ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು. ಗೇರಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು. ತಾನೇ ಬಗ್ಗಿ ಟವೆಲ್ಲು ಬಿಚ್ಚಿದ.

"ತಗೋ ಕಣೇ. ನೀನೇ ಓಡಿಸು."

ಅವಳು ಓಡಿಸಿದಳು. ಟ್ರಕ್ಕು ಏರು ಹತ್ತಿತು, ತಿರುವು ತಿರುಗಿತು, ಬೋಗುಣಿಯಲ್ಲಿ ಉಳಿದಿದ್ದ ನೀರು ಒಂದು ಹನಿಯೂ ಚೆಲ್ಲಲಿಲ್ಲ. ಈಗ ಬೋಗುಣಿ ಹಿಡಿದು ನಡುವೆ ಕೂತಿದ್ದ ಗೇರಣ್ಣನ ಎಡಗಾಲು ಮಾತ್ರ ದಾರಿಯುದ್ದಕ್ಕೂ ಬರಿ ನೆಲವನ್ನು ತುಳಿಯುತ್ತಲೇ ಇತ್ತು.

ಹೊಸ ಮನೆಯಲ್ಲಿ ಮೂವರೂ ಸೇರಿ ಮೆಲ್ಲಗೆ ಹಾಸಿಗೆ ಬಿಚ್ಚಿದರು. ಕನ್ನಡಿಯಲ್ಲಿ ಒಂದು ಗೀರೂ ಇರಲಿಲ್ಲ! ಅತ್ತೆ ಅದನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಒರೆಸಿದರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಂಡ ಗೇರಣ್ಣ, "ನೋಡಿದ್ರಾ ಅತ್ತೆ? ಹೇಳಿದ ಹಾಗೆ ಬಂದು ಸೇರ್ತು!" ಎಂದ.

"ಸೇರ್ತು ಅಳಿಯಂದ್ರೇ. ಒಳ್ಳೇದೇ ಆಯ್ತು, ಬೋಳಿಸ್ಕೊಳ್ಳೋಕೆ ಕನ್ನಡಿ ಬೇಕಿತ್ತಲ್ಲ!" ಎಂದ ಅತ್ತೆ, ಮಾವನ ಹಳೆಯ ಸೋಪಿನ ಬಟ್ಟಲನ್ನೇ ಹುಡುಕಿ ತಂದರು.

ಮಾತು ಎಂದರೆ ಮಾತು. ಗೇರಣ್ಣ ಕನ್ನಡಿಯ ಮುಂದೆ ನಿಂತು ನೊರೆ ಹಚ್ಚಿ, ಕಣ್ಣು ಮುಚ್ಚಿ, ಕಿರೀಟದ ಮೇಲೆ ರೇಜರ್ ಇಟ್ಟ. ಎಡಭಾಗ ಮುಗಿಸಿ ಬಲಭಾಗಕ್ಕೆ ಬದಲಿಸುವಾಗ ಎಡಗಾಲು ತಾನಾಗಿ ಎದ್ದು ನೆಲವನ್ನು ಬಲವಾಗಿ ಒತ್ತಿತು.

ಹಿಂದಿನಿಂದ ಹೆಂಡತಿಯ ದನಿ ಬಂತು: "ಅಲ್ಲೂ ಕ್ಲಚ್ ಇಲ್ಲ ರೀ!"