ಮಾವನ ಮೊಬೈಲಿಗೆ ಮುಸುಕು

ನಮ್ಮ ಸೋದರಮಾವನಷ್ಟು ಗುಟ್ಟಿನ ಮನುಷ್ಯ ಇಡೀ ಶಿಡ್ಲಘಟ್ಟದಲ್ಲಿ ಇನ್ನೊಬ್ಬರಿಲ್ಲ. ಬೇಕಿದ್ದರೆ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಎಲ್ಲರಿಗೂ ಗೊತ್ತು!

ಮಾವನದು ರೇಷ್ಮೆ ನೂಲು ತೆಗೆಸುವ ಕಸುಬು. ಬೆಳಗ್ಗೆ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿಯುವುದು, ಮನೆಯ ಹಿಂದಿನ ಶೆಡ್ಡಿನಲ್ಲಿ ಬೇಯಿಸಿ ನೂಲು ಬಿಚ್ಚಿಸುವುದು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಕೇಳಿ, ಧಾರಾಳವಾಗಿ ಕೇಳಿ, ಮಾವ ಹೇಳಬೇಕಲ್ಲ! "ಊಟ ಆಯ್ತಾ ಮಾವ?" ಎಂದರೂ ಒಮ್ಮೆ ಹಿಂದೆ ಮುಂದೆ ನೋಡಿ, "ಯಾಕೆ, ಯಾರು ಕೇಳಿದ್ರು?" ಎನ್ನುವವರು ಅವರು.

ಒಮ್ಮೆ ಪೆರೇಸಂದ್ರದಲ್ಲಿ ಒಂದು ಮದುವೆ. ಬೀದಿಯವರಿಗೆಲ್ಲ "ಚಿಂತಾಮಣಿ ಕಡೆ ಸ್ವಲ್ಪ ಕೆಲಸ ಐತೆ" ಎಂದು ಹೇಳಿ, ಜರಿ ಸೀರೆ ಉಟ್ಟ ಅತ್ತೆಯನ್ನು ಚಿಂತಾಮಣಿ ಬಸ್ಸಿಗೇ ಹತ್ತಿಸಿದರು. ಊರು ದಾಟಿದೊಡನೆ ಇಳಿದು, ರಸ್ತೆಯ ಆಚೆ ಬದಿಯಲ್ಲಿ ನಿಂತು, ಚಿಕ್ಕಬಳ್ಳಾಪುರದ ಕಡೆಗೆ ಬರುತ್ತಿದ್ದ ಬಸ್ಸು ಹಿಡಿದರು. ಆ ಬಸ್ಸು ತಿರುಗಿ ಶಿಡ್ಲಘಟ್ಟದ ನಿಲ್ದಾಣಕ್ಕೇ ಬಂದು ನಿಲ್ಲಬೇಕಲ್ಲವೇ? ನಿಂತಿತು. ಅದೇ ಮದುವೆಗೆ ಹೊರಟಿದ್ದ ಇಡೀ ಬೀದಿ ಹತ್ತಿತು!

"ಏನಣ್ಣಾ, ಚಿಂತಾಮಣಿ ಕೆಲಸ ಇಷ್ಟ್ ಬೇಗ ಮುಗೀತಾ?"

ಅತ್ತೆ ಪೆರೇಸಂದ್ರ ಬರುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರಂತೆ.

ಇಂಥವರ ಕೈಗೆ ಸ್ಮಾರ್ಟ್‌ಫೋನ್ ಬಂದರೆ ಹೇಗಿರಬೇಡ! ಬಂದ ದಿನವೇ ಅದರ ಕ್ಯಾಮೆರಾದ ಕಣ್ಣಿಗೆ ಅತ್ತೆಯ ಅಂಟು ಬಿಂದಿಯೊಂದನ್ನು ಮೆತ್ತಿದರು. ಫೋನು ಮುತ್ತೈದೆಯಾಯಿತು. ಆಮೇಲೆ ಗೂಡಿನ ಹರಾಜೂ ಮೊಬೈಲಿಗೇ ಬಂತು. ಬೇಕಾದ ಲಾಟಿಗೆ, ಅಂದರೆ ಗೂಡಿನ ರಾಶಿಗೆ, ಫೋನಿನಲ್ಲೇ ಬೆಲೆ ಕೂಗಬೇಕು. ಸುತ್ತ ನಿಂತ, ತಮ್ಮಂತೆಯೇ ನೂಲು ತೆಗೆಸುವ ರೀಲರುಗಳು ಇಣುಕದಂತೆ ಮಾವ ಟವೆಲನ್ನು ತಲೆಯ ಮೇಲೆ ಹೊದ್ದು, ಹಬೆ ತೆಗೆದುಕೊಳ್ಳುವವರ ಹಾಗೆ ಕೂತು ಬೆಲೆ ಒತ್ತುತ್ತಿದ್ದರು.

ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಹಾಗಾಗಿ ಬಂಧುಬಳಗದ ಫೋನುಗಳ ಶೀತ, ಕೆಮ್ಮು, ನೆಗಡಿಗಳೆಲ್ಲ ನನ್ನ ಬಳಿಗೇ ಬರುತ್ತವೆ. ಒಂದು ದಿನ ಮಾವ ಪಿಸುದನಿಯಲ್ಲಿ ಫೋನು ಮಾಡಿದರು.

"ಏನಮ್ಮಾ, ಈ ಪ್ರಾಕ್ಸಿ ಅಂದ್ರೆ ಏನು? ನನಗಲ್ಲ. ನನ್ನ ಸ್ನೇಹಿತರೊಬ್ರು ಕೇಳಿದ್ರು."

ನಮ್ಮ ಕಾಲೇಜಿನ ಮಕ್ಕಳಿಗೆ ಪ್ರಾಕ್ಸಿ ಎಂದರೆ ಗೆಳೆಯ ಬರದಿದ್ದಾಗ ಅವನ ಹೆಸರಿಗೆ 'ಎಸ್ ಮ್ಯಾಮ್' ಎನ್ನುವುದು. ಹೆಚ್ಚುಕಡಿಮೆ ಅದನ್ನೇ ಮಾವನಿಗೂ ಹೇಳಿದೆ. "ನಿಮ್ಮ ಫೋನು ತಾನೇ ಹೋಗೋ ಬದಲು ಮಧ್ಯದಲ್ಲಿರೋ ಇನ್ನೊಂದು ಕಂಪ್ಯೂಟರಿಗೆ ಹೇಳುತ್ತೆ ಮಾವ. ಅದು ಹೋಗಿ ಬೇಕಾದ್ದನ್ನ ತಂದ್ಕೊಡುತ್ತೆ. ಆಚೆಯವರಿಗೆ ಕಾಣೋದು ಅದರ ವಿಳಾಸ, ನಿಮ್ದಲ್ಲ."

ಆ ಕಡೆ ಟಕ್ಕೆಂದು ಲೈನ್ ಕಟ್ಟಾಯಿತು. ಅದು ಆನಂದದ ಆತುರವೆಂದು ತಿಳಿದದ್ದು ಆಮೇಲೆ.

ಮುಂದಿನ ಭಾನುವಾರ ಹೋಗಿ ನೋಡುತ್ತೇನೆ, ಮನೆ ಮನೆಯಾಗಿ ಉಳಿದಿರಲಿಲ್ಲ! ಮಾವ ಯಾವುದೋ ವಿಡಿಯೋ ನೋಡಿ, ಪುಕ್ಕಟೆ ಪ್ರಾಕ್ಸಿಯೊಂದರ ವಿಳಾಸ ಹುಡುಕಿ, ತಮ್ಮ ಫೋನು, ಅತ್ತೆಯ ಫೋನು, ಟಿವಿ ಎಲ್ಲಕ್ಕೂ ಅದನ್ನು ಹಾಕಿಬಿಟ್ಟಿದ್ದರು. ಯಾಕೆಂದು ಕೇಳಿದರೆ, ಹರಾಜಿನಲ್ಲಿ ರೀಲರುಗಳ ಕಣ್ಣು ತಪ್ಪಿಸಲು ಎಂದರು. ಕಂಪ್ಯೂಟರ್ ಯಾವ ದೇಶದ್ದೋ ಏನೋ! ಅತ್ತೆ ಹವಾಮಾನ ನೋಡಿದರೆ "ಸಂಜೆ ಹಿಮ ಬೀಳಲಿದೆ" ಎಂದು ಬಂತಂತೆ. ಪಾಪ, ರಣಬಿಸಿಲಿನಲ್ಲಿ ಒಣಗಲಿಟ್ಟ ಸಂಡಿಗೆಯನ್ನೆಲ್ಲ ಒಳಗೆ ತಂದಿಟ್ಟಿದ್ದರು. ಜಾಹೀರಾತುಗಳೆಲ್ಲ ಯಾರಿಗೂ ಓದಲು ಬಾರದ ಲಿಪಿಯಲ್ಲಿ. ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಕೆನ್ನೆಗೆ ಹೊಡೆಯಲೆಂದು ಕೈ ಎತ್ತಿದ್ದಳು. ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು.

"ನಾನು ಮುದ್ದೆಗೆ ಎಸರಿಡೋಕ್ ಹೋದಾಗ ಎತ್ತಿದ್ ಕೈ ಕಣಮ್ಮಾ," ಎಂದರು ಅತ್ತೆ. "ಮುದ್ದೆ ಕಟ್ಟಿ, ಸಾರು ಕುದಿಸಿ ಬಂದ್ರೂ ಇನ್ನೂ ಹೊಡ್ದಿಲ್ಲ."

"ಮಾವ, ಮಧ್ಯದ ಕಂಪ್ಯೂಟರ್ ಎಲ್ಲೋ ದೂರದಲ್ಲಿದೆ. ಪುಕ್ಕಟೆ ಅಂತ ಊರಿಗೂರೇ ಅದರಲ್ಲಿ ನುಗ್ಗಿದೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಕಾಶಿ ಮೇಲೆ ಹಾದುಹೋದ ಹಾಗಾಯ್ತು. ನಿಧಾನ ಆಗ್ದೆ ಇನ್ನೇನು?"

ಮಾವ ಯೋಚಿಸಿದರು. ಮರುವಾರ ಇನ್ನೊಂದು ಬಗೆಯದನ್ನು ಹಾಕಿಕೊಂಡರು. ಅದರ ಹೆಸರು ಸಾಕ್ಸ್.

"ಇದೇನಮ್ಮಾ, ನಿಮ್ಮಾವ ಫೋನಿಗೆ ಸಾಕ್ಸ್ ಹಾಕಿದೀನಿ ಅಂತಾರೆ! ಕಾಲಿಗೇ ಹಾಕ್ದೋರಲ್ಲ!" ಅತ್ತೆಗೆ ಗಾಬರಿ.

ಮೊದಲು ಹಾಕಿದ್ದು ಎಚ್‌ಟಿಟಿಪಿ ಪ್ರಾಕ್ಸಿ. ವೆಬ್ ಪುಟಗಳ ಭಾಷೆ ಅದಕ್ಕೆ ಗೊತ್ತು. ಗುಪ್ತಲಿಪಿಯ ಬೀಗ ಹಾಕದ ಪುಟವಾದರೆ ದಾರಿಯಲ್ಲೇ ಬಿಚ್ಚಿ ಓದಬಲ್ಲದು. ಸಾಕ್ಸ್ ಹಾಗಲ್ಲ, ಒಳಗೇನಿದೆ ಎಂದು ನೋಡುವ ಗೋಜಿಗೆ ಹೋಗದೆ ಕೊಟ್ಟದ್ದನ್ನು ದಾಟಿಸುತ್ತದೆ. ಹಾಗೆಂದು ತಾನಾಗಿ ಬೀಗ ಹಾಕುವುದೂ ಇಲ್ಲ. ಇದನ್ನೆಲ್ಲ ವಿವರಿಸಿ, "ಎರಡೂ ಬೇಡ ಮಾವ" ಎಂದೆ. ಮಾವ ತಲೆಯಾಡಿಸಿದರು. ನಾನು ಬಸ್ಸು ಹತ್ತಿದೊಡನೆ ಮೊದಲಿನದನ್ನೇ ಮತ್ತೆ ಹಾಕಿಕೊಂಡರು!

ಕೊನೆಗೊಂದು ದಿನ ಪೆಟ್ಟು ಬಿತ್ತು. ಹರಾಜಿನಲ್ಲಿ ಒಳ್ಳೆಯ ಲಾಟು. ಮಾವ ಟವೆಲ್ಲಿನೊಳಗೆ ಕೂತು ಬೆಲೆ ಒತ್ತಿದರು. ಆ ಬೆಲೆ ದೇಶಾಂತರ ಹೊರಟಿತು. ಅದು ಲೋಕಸಂಚಾರ ಮುಗಿಸಿ ಮಾರುಕಟ್ಟೆಗೆ ಬಂದು ಸೇರುವಷ್ಟರಲ್ಲಿ ಹರಾಜು ಮುಗಿದು, ಗೂಡು ಯಾರದೋ ಆಟೋ ಏರಿತ್ತು. ಮತ್ತೊಂದು ಲಾಟಿಗೂ ಹಾಗೇ. ಮಾವ ಬರಿಗೈಯಲ್ಲಿ ಮನೆಗೆ ಬಂದರು.

ಅಂದು ಮಧ್ಯಾಹ್ನವೇ ಫೋನು ಬಂತು. "ಕಾಲೇಜ್ ಮುಗಿಸ್ಕೊಂಡು ಒಂದ್ಸಲ ಬಂದು ಹೋಗಮ್ಮಾ." ಯಾರಿಗೂ ಹೇಳಬೇಡ ಎನ್ನಲಿಲ್ಲ. ನನಗೆ ಆಗಲೇ ಏನೋ ಎಡವಟ್ಟು ಅನ್ನಿಸಿತು.

ಶೆಡ್ಡಿನಲ್ಲಿ ಒಬ್ಬರೇ ಕೂತಿದ್ದರು. ಫೋನು ತೆಗೆದು ನೋಡಿದೆ. ಅದೇ ಪುಕ್ಕಟೆ ಪ್ರಾಕ್ಸಿ. ಬ್ಯಾಂಕಿನದು, ಹರಾಜಿನದು, ಎಲ್ಲವೂ ಅದರ ಮೂಲಕವೇ ಓಡಾಡಿವೆ!

"ಮಾವ, ಈ ಕಂಪ್ಯೂಟರ್ ಯಾರದು?"

"ಯಾರದೋ. ಯಾರದು ಅಂತ ಗೊತ್ತಿಲ್ದೇ ಇರೋದೇ ಅಲ್ವೇನಮ್ಮಾ ಗುಟ್ಟು?"

"ನಿಮಗೆ ಗೊತ್ತಿಲ್ಲ, ಸರಿ. ಅವರಿಗೆ ನಿಮ್ಮ ವಿಷಯ ಗೊತ್ತಾದ್ರೆ?"

ಇಷ್ಟು ದಿನ ಮಾವ ಮಾರುಕಟ್ಟೆಯ ಕಣ್ಣು ತಪ್ಪಿಸಲು ಹೋಗಿ, ಗುರುತಿಲ್ಲದವನ ಮನೆಯಲ್ಲಿ ಗಂಟು ಇಟ್ಟು ಬಂದಿದ್ದರು. ನಾನು ಕೇಳಿದೆ: "ಸರ್ಟಿಫಿಕೇಟ್ ಹಾಕ್ಕೊಳ್ಳಿ ಅಂತ ಎಲ್ಲಾದ್ರೂ ಕೇಳ್ತಾ?" ಬೀಗ ಹಾಕಿದ ಸೈಟುಗಳ ಒಳಗೆ ಪ್ರಾಕ್ಸಿ ಇಣುಕಲಾರದು. ಆದರೆ ಅದು ಕೊಟ್ಟ ಸರ್ಟಿಫಿಕೇಟನ್ನು ಒಪ್ಪಿಕೊಂಡರೆ, ನಾವೇ ಕೀಲಿಕೈ ಮಾಡಿಸಿ ಕೊಟ್ಟಂತೆ.

"ಕೇಳ್ತು. ಒಂದ್ಸಲ ಅಲ್ಲ, ದಿನಾ ಕೇಳ್ತು."

"ಏನ್ ಒತ್ತಿದ್ರಿ?"

"ಬೇಡ ಅಂತ ಒತ್ತಿದೆ. ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ನಿಮ್ಮತ್ತೆಗೇ ತೋರ್ಸಿಲ್ಲ, ಅದ್ಯಾವನಿಗೋ ತೋರಿಸ್ತೀನಾ?"

ನನಗೆ ನಗು, ಅಳು ಒಟ್ಟಿಗೇ ಬಂದವು! ಪುಣ್ಯಾತ್ಮ, ಅರ್ಥವಾಗದೆಯೂ ಬಚಾವಾಗಿದ್ದರು. ಆದರೂ ಪ್ರಾಕ್ಸಿ ಇಲ್ಲದ ನನ್ನ ಫೋನಿನಲ್ಲೇ ಬ್ಯಾಂಕಿನ ಖಾತೆ ನೋಡಿದೆವು. ಇದ್ದದ್ದು ಇದ್ದ ಹಾಗೇ ಇತ್ತು. ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದೆವು. ಮಾವ ಹೊಸ ಪಾಸ್‌ವರ್ಡ್ ಒತ್ತುವಾಗ ನಾನು ಮರ್ಯಾದೆಯಿಂದ ಗೋಡೆಯ ಕಡೆ ತಿರುಗಿ ನಿಂತೆ.

"ಇನ್ನು ಆ ದರಿದ್ರ ಪ್ರಾಕ್ಸಿ ತೆಗೆದುಬಿಡ್ತೀನಿ, ಕೊಡಿ," ಎಂದೆ.

"ತೆಗಿ. ಆದ್ರೆ ನನ್ ಫೋನಿಂದು ಮಾತ್ರ. ನಿಮ್ಮತ್ತೆ ಫೋನಿಂದು ಇರ್ಲಿ." ಮಾವ ಫೋನಿನಲ್ಲಿ ಒಂದು ಸಂದೇಶಕ್ಕೆ ಬೆರಳಿಟ್ಟರು. "ಮತ್ತೆ ಇದೊಂದು ತೆರೆದುಕೊಡು ತಾಯಿ. ಬೆಳಗ್ಗಿಂದ ಸುತ್ತುತಾ ಐತೆ, ತೆರ್ಕೊಳ್ತಾನೇ ಇಲ್ಲ."

ಅದು ಆಸ್ಪತ್ರೆಯ ಲ್ಯಾಬಿನಿಂದ ಬಂದ ಸಂದೇಶ. ಅತ್ತೆಯ ಹೆಸರು.

ಅತ್ತೆಯ ಕುತ್ತಿಗೆಯಲ್ಲಿ ತಿಂಗಳ ಹಿಂದೆಯೇ ಒಂದು ಗಂಟು ಕಾಣಿಸಿಕೊಂಡಿತ್ತಂತೆ. ಈ ವಾರ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದ್ದರಂತೆ. "ಬರೀ ಕೊಬ್ಬಿನ ಗಂಟು" ಎಂದು ಮಾವ ಅವರಿಗೆ ಹೇಳಿದ್ದರು. ಗಂಟು ಕಂಡ ದಿನವೇ ತಮ್ಮ ಫೋನಿನಲ್ಲಿ ಅದು ಏನಿರಬಹುದೆಂದು ಹುಡುಕಿದ್ದರು. ಮಾರನೆಯ ದಿನದಿಂದ ಅತ್ತೆಯ ಫೋನಿನಲ್ಲಿ, ಧಾರಾವಾಹಿಯ ನಡುನಡುವೆ ಕ್ಯಾನ್ಸರ್ ಆಸ್ಪತ್ರೆಯ ಜಾಹೀರಾತು. ಒಂದೇ ಮನೆ, ಒಂದೇ ವೈಫೈ, ಆಚೆಯವರಿಗೆ ಒಂದೇ ವಿಳಾಸ!

"'ಇದ್ಯಾಕ್ರೀ ನನ್ ಫೋನಲ್ಲಿ ಬರೀ ಇದೇ ಬರ್ತೈತೆ' ಅಂತ ಕೇಳಿದ್ಳು ಕಣಮ್ಮಾ. ಅದಕ್ಕೇ ಈ ಪ್ರಾಕ್ಸಿ ಹುಡುಕ್ದೆ. ಹರಾಜು, ರೀಲರು ಅಂತೆಲ್ಲ ನಿಂಗೆ ಸುಮ್ನೆ ಹೇಳ್ದೆ. ಈಗ ಅವಳಿಗೆ ಬರೋ ಜಾಹೀರಾತು ಯಾವ ಭಾಷೆದೋ ಏನೋ. ಅವಳಿಗೆ ಅರ್ಥ ಆಗಲ್ಲ. ನನಗೆ ಅಷ್ಟು ಸಾಕಿತ್ತು."

ನಾನು ಮಾವನ ಫೋನಿನ ಪ್ರಾಕ್ಸಿ ತೆಗೆದೆ. ಬೆಳಗ್ಗೆಯಿಂದ ಸುತ್ತುತ್ತಿದ್ದ ವರದಿ ಒಂದು ಕ್ಷಣದಲ್ಲಿ ತೆರೆದುಕೊಂಡಿತು. ಮಾವ ಫೋನಿನ ಕಡೆ ನೋಡಲಿಲ್ಲ.

"ಓದು. ಮೆತ್ತಗೆ ಓದು."

ಕೊನೆಯ ಸಾಲಿನವರೆಗೂ ಓದಿದೆ. ಮತ್ತೆ ಮೊದಲಿಂದ ಓದಿದೆ. "ಕ್ಯಾನ್ಸರ್ ಅಲ್ಲ ಮಾವ. ಥೈರಾಯ್ಡಿನ ಸಾಧಾರಣ ಗಂಟು. ಡಾಕ್ಟ್ರಿಗೆ ತೋರಿಸ್ಕೊಂಡು ಇದ್ರೆ ಸಾಕು."

"ಸರಿಯಾಗಿ ನೋಡ್ದಾ?"

"ನೋಡ್ದೆ ಮಾವ."

"ಇನ್ನೊಂದ್ಸಲ ನೋಡು."

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಮಾವ ಸರಸರನೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಯಾಕ್ರೀ, ಕಣ್ಣು ಹಂಗೆ ಕೆಂಪಗಾಗೈತೆ?"

"ಒಲೆ ಹೊಗೆ ಕಣೇ."

"ಇವತ್ತು ಒಲೆ ಯಾರು ಹಚ್ಚಿದ್ರು?"

ಯಾವುದಕ್ಕೂ ಯಾರಿಗೂ ನೇರ ಉತ್ತರ ಕೊಡದ ನಮ್ಮ ಮಾವ, ನನ್ನ ಎದುರಿಗೇ ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲಿನಿಂದ ಕೊನೆಯವರೆಗೂ ಎಲ್ಲವನ್ನೂ ಹೇಳಿದರು. ಅತ್ತೆ ಕುತ್ತಿಗೆ ಮುಟ್ಟಿಕೊಂಡು, ಮಾವನ ಮುಖವನ್ನೇ ನೋಡುತ್ತಾ ಕೇಳಿದರು.

"ಇಷ್ಟು ದಿನ ಇದನ್ನೆಲ್ಲ ಒಬ್ರೇ ಇಟ್ಕೊಂಡಿದ್ರಾ?"

ನಾನು ಕಾಫಿಯ ಲೋಟ ಎತ್ತಿಕೊಂಡು ಮೆಲ್ಲಗೆ ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ.