ಮಗಳ ಬ್ಯಾಸ್ಕೆಟ್‌ಬಾಲ್, ನಾನು ಕಾದು ಕೂತ ನಾಲ್ಕು ಮ್ಯಾಚು

ಕೆಲವರು ಎಲ್ಲಿಗೆ ಹೋದರೂ ಸರಿಯಾದ ಹೊತ್ತಿಗೆ ಹೋಗಿರುತ್ತಾರೆ. ನಾನು ಹೋದರೆ ಆಗಬೇಕಾದ್ದು ಆಗತಾನೆ ಆಗಿಹೋಗಿರುತ್ತದೆ, ಇಲ್ಲವೇ ನಾನು ಬೆನ್ನು ತಿರುಗಿಸಿದ ಕ್ಷಣ ಆಗುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅದಕ್ಕೂ ಶಕ್ತಿಯಿಲ್ಲ.

ನಾನು ಧಾರವಾಡದವಳು, ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಗಂಡ ಮೈಸೂರಿನವರು, ಕಂಪ್ಯೂಟರ್ ಕೆಲಸ. ಮನೆ ಕಿಂಗ್ಸ್‌ಬರಿಯಲ್ಲಿ. ಮಗಳು ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಯಲ್ಲಿ ಓದುತ್ತಾಳೆ ಎಂದು ನೆಂಟರಿಗೆ ಹೇಳುತ್ತೇವೆ. ನಿಜಕ್ಕೂ ಅವಳು ಅಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ನಡುವೆ ಬಿಡುವಾದರೆ ಓದುತ್ತಾಳೆ. ಕಾಲೇಜಿನಲ್ಲಿದ್ದಾಗ ನಾನೂ ಕೆಂಪು ಮಣ್ಣಿನ ಅಂಕಣದಲ್ಲಿ ಮೊಣಕಾಲು ಕೆತ್ತಿಸಿಕೊಂಡು ಆಡಿದವಳೇ. ಅದಕ್ಕೇ ಈ ಹುಚ್ಚು ನನಗೆ ಅರ್ಥವಾಗುತ್ತದೆ.

ಇಲ್ಲಿ ಕಾಲೇಜು ಮ್ಯಾಚುಗಳು ನಡೆಯುವುದು ಬುಧವಾರ ಮಧ್ಯಾಹ್ನ. ಬುಧವಾರ ಮಧ್ಯಾಹ್ನ ನಾನು ಎಲ್ಲಿರುತ್ತೇನೆ? ವಾರ್ಡಿನಲ್ಲಿ. ಈ ವರ್ಷ ಮಗಳದು ಕೊನೆಯ ವರ್ಷ. ಇದು ತಪ್ಪಿದರೆ ಮತ್ತೆ ಅವಳ ಆಟ ನೋಡುವುದು ಇನ್ಯಾವಾಗ? ಸೀಸನ್ ಶುರುವಾಗುವಾಗಲೇ ನಾಲ್ಕು ಮ್ಯಾಚು ಆರಿಸಿಕೊಂಡೆ. ಮೊದಲನೆಯದು, ಪಕ್ಕದ ಕಾಲೇಜಿನ ಜತೆಗಿನದು, ಲಂಡನ್ನಿನ ಆಚೆ ತುದಿಗೆ ಹೋಗಿ ಆಡುವುದು, ಮತ್ತೆ ಕೊನೆಯದು. ಈ ನಾಲ್ಕಕ್ಕಾಗಿ ಸಹೋದ್ಯೋಗಿಗಳ ಕೈಕಾಲು ಹಿಡಿದೆ. ಅವರ ಕ್ರಿಸ್‌ಮಸ್ಸು, ಹೊಸ ವರ್ಷದ ಡ್ಯೂಟಿಗಳನ್ನೆಲ್ಲ ನಾನು ಹೊತ್ತುಕೊಂಡೆ. ನನ್ನದು ದೊಡ್ಡ ಆಸೆಯೇನಲ್ಲ. ಮಗಳು ಬುಟ್ಟಿಗೆ ಚೆಂಡು ಹಾಕುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ.

ಯಾವ ಬೆಡ್?

ಮೊದಲನೇ ಮ್ಯಾಚಿಗೆ ರಾತ್ರಿ ಪಾಳಿ ಮುಗಿಸಿ ನೇರವಾಗಿ ಹೋದೆ. ಬೆಳಿಗ್ಗೆ ಬಿಡಬೇಕಿದ್ದವರು ಮಧ್ಯಾಹ್ನದ ಹತ್ತಿರಕ್ಕೆ ಬಿಟ್ಟಿದ್ದರು. ಟ್ಯೂಬ್ ರೈಲಿನಲ್ಲಿ ಕೂತರೆ ನಿದ್ದೆ ಬಂದು ಸ್ಟೇಷನ್ ದಾಟಿಹೋದೀತೆಂದು, ಸೀಟು ಖಾಲಿ ಇದ್ದರೂ ನಿಂತೇ ಹೋದೆ.

ಆಟದ ಹಾಲಿನಲ್ಲಿ ಹೀಟಿಂಗ್ ಹಾಕಿದ್ದರು. ಬೆಚ್ಚಗಿತ್ತು. ಪಕ್ಕದಲ್ಲಿ ಗಂಡ, ಅವರ ಮೈಮೇಲೆ ದಪ್ಪ ಕೋಟು. ಚೆಂಡು ಒಂದೇ ಲಯದಲ್ಲಿ ಟಪ್, ಟಪ್, ಟಪ್ ಎನ್ನುತ್ತಿತ್ತು. ಮಗಳು ನಮ್ಮತ್ತ ಕೈ ಬೀಸಿದ್ದು ನೆನಪಿದೆ. ಆಮೇಲೇನೂ ನೆನಪಿಲ್ಲ.

ಕಿವಿ ಹರಿಯುವಂತೆ ಗಂಟೆ ಬಾರಿಸಿತು. ಆಸ್ಪತ್ರೆಯಲ್ಲಿ ಗಂಟೆ ಬಾರಿಸಿದರೆ ಯಾರದೋ ಉಸಿರು ನಿಂತಿದೆ ಎಂದು ಅರ್ಥ. ನಾನು ಎದ್ದು ನಿಂತು, ಇಡೀ ಹಾಲಿಗೆ ಕೇಳುವ ಹಾಗೆ, "ವಿಚ್ ಬೆಡ್? ವಿಚ್ ಬೆಡ್?" ಎಂದು ಕೂಗಿದೆ.

ಅರ್ಧ ಆಟ ಮುಗಿದ ಗಂಟೆ ಅದು. ಎದುರು ಪಕ್ಷದ ಉದ್ದನೆಯ ಹುಡುಗಿಯೊಬ್ಬಳು ಸುಸ್ತಾಗಿ ನೆಲದ ಮೇಲೆ ಅಂಗಾತ ಬಿದ್ದುಕೊಂಡಿದ್ದಳು. ಅಲ್ಲಿಂದಲೇ, "ಯಾವುದಾದರೂ ಸರಿ, ಬೇಗ ಕೊಡಿ" ಎಂದಳು.

ಅಷ್ಟರೊಳಗೆ ಮಗಳು ಎರಡು ಸಲ ಬುಟ್ಟಿಗೆ ಹಾಕಿದ್ದಳಂತೆ. ನಾನು ಎಚ್ಚರವಿದ್ದು ನೋಡಿದ ಉಳಿದರ್ಧದಲ್ಲಿ ಒಂದೂ ಇಲ್ಲ. ನಾನು ಗಂಡನ ಮೇಲೆ ಹರಿಹಾಯ್ದೆ.

"ಎಬ್ಬಿಸಬಾರದಿತ್ತೇನ್ರಿ?"

"ಎಬ್ಬಿಸಿದ್ನಲ್ಲ" ಎಂದರು ಪಾಪ. "‘ಪ್ಯಾರಾಸಿಟಮಾಲ್ ಕೊಟ್ಟು ನಾಳೆ ಬರೋಕೆ ಹೇಳಿ’ ಅಂದ್ಬಿಟ್ಟು ಮತ್ತೆ ಮಲಗ್ಬಿಟ್ಟೆ ನೀನು."

ಶೇಂಗಾ ಹೋಳಿಗೆ

ಎರಡನೇ ಮ್ಯಾಚಿನ ಹೊತ್ತಿಗೆ ನನ್ನ ಅವ್ವ ಧಾರವಾಡದಿಂದ ಬಂದಿದ್ದಳು. ಮೊಮ್ಮಗಳ ಆಟ ನೋಡಲೇಬೇಕೆಂದು ಹಟ ಹಿಡಿದು, ರೇಷ್ಮೆ ಸೀರೆಯ ಮೇಲೆ ಅಳಿಯನ ಜಾಕೀಟು ಹಾಕಿಕೊಂಡು, ಬ್ಯಾಗಿನಲ್ಲಿ ಡಬ್ಬಿಯೊಂದನ್ನು ಇಟ್ಟುಕೊಂಡು ಹೊರಟಳು. ಪಕ್ಕದ ಕಾಲೇಜಿನ ಜತೆಗಿನ ಆಟ ಅದು. ಎರಡೂ ಕಡೆಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಇಡೀ ವರ್ಷ ಇದಕ್ಕೇ ಕಾದಿರುತ್ತಾರೆ.

ಅವ್ವನ ಕಣ್ಣು ಬಿದ್ದದ್ದು ನಮ್ಮ ಹುಡುಗಿಯನ್ನು ಆಡಲು ಬಿಡದೆ ಕಾಯುತ್ತಿದ್ದ ಎದುರು ಪಕ್ಷದ ಹುಡುಗಿಯ ಮೇಲೆ. ನಮ್ಮವಳು ಬಲಕ್ಕೆ ಹೋದರೆ ಅವಳೂ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ.

"ಯಾಕಬೇ ಆಕಿ ನಮ್ಮ ಹುಡುಗೀ ಬೆನ್ನ ಹತ್ತ್ಯಾಳ? ಆಕೀಗೆ ಬ್ಯಾರೆ ಕೆಲಸಿಲ್ಲೇನು?"

"ಆಕೀ ಕೆಲಸನ ಅದವ್ವಾ."

"ಹಸಿದಿರಬೇಕು ಕೂಸು. ಮಾರಿ ನೋಡು ಹ್ಯಾಂಗ ಬಾಡೇತಿ."

ಅರ್ಧ ಆಟ ಮುಗಿದಾಗ ನಾನು ಕಾಫಿ ತರಲು ಹೋದೆ. ಬಂದು ನೋಡಿದರೆ ಅವ್ವ ಎದುರು ಪಕ್ಷದ ಬೆಂಚಿನ ಹತ್ತಿರ ಡಬ್ಬಿ ತೆರೆದು ನಿಂತಿದ್ದಾಳೆ. ಆ ಹುಡುಗಿ ಎರಡನೇ ಶೇಂಗಾ ಹೋಳಿಗೆ ಮುಗಿಸುತ್ತಿದ್ದಾಳೆ. ನನ್ನ ಜೀವ ಬಾಯಿಗೆ ಬಂತು. ಈ ದೇಶದಲ್ಲಿ ಶೇಂಗಾ ಎಂದರೆ ಬಾಂಬು ಇದ್ದ ಹಾಗೆ. ಆಗದವರು ತಿಂದರೆ ಗಂಟಲು ಊದಿ ಆಂಬ್ಯುಲೆನ್ಸ್ ಕರೆಸಬೇಕಾಗುತ್ತದೆ. ಕಾಫಿ ಚೆಲ್ಲಿಕೊಂಡು ಓಡಿ, "ನಿನಗೆ ಶೇಂಗಾ ಅಲರ್ಜಿ ಇಲ್ಲ ತಾನೆ?" ಎಂದೆ.

"ಇಲ್ಲ. ಇನ್ನೊಂದಿದೆಯಾ?" ಎಂದಳು.

ಆದರೂ ಡಾಕ್ಟರ ಮನಸ್ಸು ಕೇಳಬೇಕಲ್ಲ. ಉಳಿದ ಆಟವೆಲ್ಲ ಆ ಹುಡುಗಿಯ ತುಟಿ ಊದುತ್ತದೆಯೋ, ಉಸಿರು ಕಟ್ಟುತ್ತದೆಯೋ ಎಂದು ಅವಳನ್ನೇ ನೋಡುತ್ತ ಕೂತೆ. ಏನೂ ಆಗಲಿಲ್ಲ. ಹೋಳಿಗೆಯ ಬಲದಿಂದ ಅವಳು ನುಗ್ಗಿ ನುಗ್ಗಿ ಬುಟ್ಟಿ ತುಂಬಿದಳು. ಅವಳು ಹಾಕಿದ್ದೊಂದೂ ನನ್ನ ಕಣ್ಣು ತಪ್ಪಲಿಲ್ಲ. ಮಗಳು ಹಾಕಿದ್ದು ಮಾತ್ರ ಕಾಣಲಿಲ್ಲ. ನಾವು ಸೋತೆವು.

ಮಗಳು ಕಾರಿನಲ್ಲಿ ಮುಖ ಊದಿಸಿಕೊಂಡು, ಇಂಗ್ಲಿಷಿನಲ್ಲಿ, "ಅಜ್ಜಿ, ನೀವು ತಪ್ಪು ಟೀಮಿಗೆ ತಿನ್ನಿಸಿದಿರಿ" ಎಂದಳು.

ಅವ್ವ ಅವಳ ತಲೆ ಸವರಿದಳು. "ಆತು ಬಿಡವ್ವಾ. ಮುಂದಿನ ಸಲ ನಿಮ್ಮವ್ವ ಮಾಡಿದ ಅಡಿಗಿ ಕೊಡೋಣಂತ. ಆಗ ನಾವ ಗೆಲ್ತೀವಿ."

ಹೊಸ ರೂಲ್ಸು

ಮೂರನೆಯದು ಲಂಡನ್ನಿನ ಆಚೆ ತುದಿಯಲ್ಲಿ. ಮಗಳು ಟೀಮಿನವರ ಜತೆ ಬಸ್ಸಿನಲ್ಲಿ ಹೋಗಿದ್ದಳು. ಅವ್ವ ನೆಗಡಿಯಾಗಿ ಮನೆಯಲ್ಲೇ ಉಳಿದಳು. ನಾವಿಬ್ಬರೇ ಕಾರಿನಲ್ಲಿ ಹೊರಟೆವು. ಗಂಡ ಎಂದೂ ಚೆಂಡು ಮುಟ್ಟಿದವರಲ್ಲ. ಆದರೆ ಆ ವಾರವೆಲ್ಲ ಫೋನಿನಲ್ಲಿ ಬ್ಯಾಸ್ಕೆಟ್‌ಬಾಲ್ ವಿಡಿಯೋ ನೋಡಿ ಪಂಡಿತರಾಗಿದ್ದರು. ಕಾಲೇಜಿನಲ್ಲಿ ಆಡಿದ ನನಗೇ ದಾರಿಯುದ್ದಕ್ಕೂ ಪಾಠ ಹೇಳಿದರು.

ಆಟದ ಹಾಲೇನೋ ಸಿಕ್ಕಿತು, ಪಾರ್ಕಿಂಗ್ ಸಿಕ್ಕಲಿಲ್ಲ. ಒಳಗೆ ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಬುಟ್ಟಿಯ ಹಿಂದೆ ಹಲಗೆ ಕಾಣಲಿಲ್ಲ.

"ಬೋರ್ಡೇ ಇಲ್ಲಲ್ಲ?"

"ಈ ಸಲ ತೆಗೆದಿದಾರೆ. ಆಟ ಕಷ್ಟ ಆಗ್ಲಿ ಅಂತ."

"ಯಾರೂ ಚೆಂಡು ಪುಟಿಸ್ತಾನ ಇಲ್ಲ?"

"ಹೊಸ ರೂಲ್ಸು. ಬರೀ ಪಾಸ್ ಮಾಡ್ಬೇಕು. ನಿನ್ನ ಕಾಲದ ಆಟ ಅಲ್ಲ ಕಣೇ ಇದು."

ಹುಡುಗಿಯರ ಎದೆಯ ಮೇಲೆ ನಂಬರಿನ ಬದಲು ಇಂಗ್ಲಿಷ್ ಅಕ್ಷರಗಳಿದ್ದವು. ಜಿ ಎ ಎಂದರೇನು ಎಂದೆ. ಕ್ಷಣವೂ ಯೋಚಿಸದೆ, "ಗುಡ್ ಅಟ್ಯಾಕರ್" ಎಂದರು. ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ಬಂದ ನನಗೆ ವಾದ ಮಾಡುವ ತ್ರಾಣವಿರಲಿಲ್ಲ. ಮಗಳು ಎಲ್ಲಿ ಎಂದು ಮಾತ್ರ ಕೇಳಿದೆ.

"ಕೋಚು ಉಳಿಸಿಟ್ಕೊಂಡಿದಾರೆ. ಕೊನೇಲಿ ಇಳಿಸ್ತಾರೆ. ಸ್ಟ್ರಾಟಜಿ."

ಪಕ್ಕದಲ್ಲಿ ಕೂತಿದ್ದ ಬಿಳಿಕೂದಲಿನ ಇಂಗ್ಲಿಷ್ ಹೆಂಗಸು ನಮ್ಮತ್ತ ತಿರುಗಿ, "ಈ ವರ್ಷ ನೆಟ್‌ಬಾಲ್ ತುಂಬ ಚೆನ್ನಾಗಿ ಆಡುತ್ತಿದ್ದಾರೆ, ಅಲ್ಲವೇ?" ಎಂದರು.

ನೆಟ್‌ಬಾಲ್! ಬ್ಯಾಸ್ಕೆಟ್‌ಬಾಲಿನ ದಾಯಾದಿ, ಹಲಗೆಯಿಲ್ಲದ, ಚೆಂಡು ಪುಟಿಸದ ಬೇರೆಯದೇ ಆಟ. ಆ ಕಾಲೇಜಿಗೆ ಎರಡು ಕಡೆ ಹಾಲುಗಳಿದ್ದವು. ಫೋನಿನಲ್ಲಿ ಮೊದಲು ಬಂದ ವಿಳಾಸಕ್ಕೆ ಗಂಡ ಕಾರು ಓಡಿಸಿದ್ದರು. ನಮ್ಮ ಹಾಲು ಇದ್ದದ್ದು ಇನ್ನೂ ಮೈಲಿಗಟ್ಟಲೆ ದೂರದಲ್ಲಿ. ಟ್ರಾಫಿಕ್ಕಿನಲ್ಲಿ ನಾವು ಸಿಕ್ಕಿಕೊಂಡಿರುವಾಗಲೇ ಮಗಳ ಫೋನು ಬಂತು. ಗೆದ್ದಿದ್ದರು. ಖುಷಿಯಿಂದ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದಳು.

"ಅಪ್ಪಾ, ಎಲ್ಲಿ ಕೂತಿದ್ರಿ? ನನಗೆ ಕಾಣಲೇ ಇಲ್ಲ."

ಗಂಡ ನನ್ನ ಮುಖ ನೋಡಿದರು. ಆಮೇಲೆ ಮೆತ್ತಗೆ, "ಸ್ವಲ್ಪ ಹಿಂದೆ ಇದ್ವಿ ಪುಟ್ಟಾ" ಎಂದರು.

ಕೊನೆಯದು

ಇದನ್ನು ಗೆದ್ದರೆ ಮಗಳ ಟೀಮಿನವರು ಲೀಗಿನ ಅದೇ ದರ್ಜೆಯಲ್ಲಿ ಉಳಿಯುತ್ತಾರೆ, ಸೋತರೆ ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಸೀಸನ್ನಿನ ಕೊನೆಯ ಮ್ಯಾಚು, ಮಗಳ ಕಾಲೇಜು ಜೀವನದ್ದೂ ಕೊನೆಯದು. ಹಿಂದಿನ ದಿನ ರಜೆ ಹಾಕಿ ಕಣ್ತುಂಬ ನಿದ್ದೆ ಮಾಡಿದೆ. ಅವ್ವನ ಬ್ಯಾಗು ತಪಾಸಣೆ ಮಾಡಿದೆ. ಆಟ ಅಕ್ಸ್‌ಬ್ರಿಡ್ಜಿನಲ್ಲೇ, ಆ ದಾರಿ ಕಣ್ಣು ಮುಚ್ಚಿದರೂ ಗೊತ್ತಿತ್ತು. ಇನ್ನೇನು ತಪ್ಪಲು ಸಾಧ್ಯ?

ಹೋದ ಕೂಡಲೇ ಮಗಳು ಓಡಿಬಂದಳು. ಪ್ರಥಮ ಚಿಕಿತ್ಸೆಯವರು ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಅವರಿಲ್ಲದೆ ಆಟ ಶುರು ಮಾಡುವಂತಿಲ್ಲವಂತೆ. "ನಮ್ಮಮ್ಮ ಡಾಕ್ಟರು ಎಂದು ಕೋಚಿಗೆ ಹೇಳಿಬಿಟ್ಟೆ, ಪ್ಲೀಸ್" ಎಂದು ಇಂಗ್ಲಿಷಿನಲ್ಲಿ ಗೋಗರೆದಳು. ರಜೆ ಹಾಕಿದ ದಿನವೂ ಡ್ಯೂಟಿ! ಹಸಿರು ಜಾಕೀಟು ತೊಡಿಸಿ ಅಂಕಣದ ಅಂಚಿನಲ್ಲೇ ಕುರ್ಚಿ ಹಾಕಿಕೊಟ್ಟರು. ಕೂತು ನೋಡಿದರೆ ಅದಕ್ಕಿಂತ ಒಳ್ಳೆಯ ಜಾಗ ಹಾಲಿನಲ್ಲೇ ಇರಲಿಲ್ಲ. ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡೆ.

ಆಟ ಕೊನೆಯವರೆಗೂ ಸಮಸಮ. ಎದುರಾಳಿಗಳು ಮಗಳ ಕೈ ಕಟ್ಟಿಹಾಕಿದ್ದರು. ಅವಳಿಂದ ಒಂದೂ ಬುಟ್ಟಿಗೆ ಬಿದ್ದಿರಲಿಲ್ಲ. ಇನ್ನು ಕೆಲವೇ ಸೆಕೆಂಡುಗಳು ಉಳಿದಿದ್ದವು. ನಾವು ಒಂದು ಪಾಯಿಂಟು ಹಿಂದೆ. ಚೆಂಡು ಮಗಳ ಕೈಗೆ ಬಂತು. ನಾನು ಕುರ್ಚಿಯ ತುದಿಗೆ ಬಂದೆ.

ಹಿಂದಿನಿಂದ ಧಡಾರ್ ಎಂದು ಸದ್ದಾಯಿತು, ಅದರ ಬೆನ್ನಿಗೇ "ಅಯ್ಯೋ, ಸತ್ನಪ್ಪಾ!" ಎಂಬ ಕೂಗು. ಅಚ್ಚ ಮೈಸೂರು ಕನ್ನಡ. ಅಷ್ಟು ದೊಡ್ಡ ಹಾಲಿನಲ್ಲಿ ಮೈಸೂರಿನವರು ಒಬ್ಬರೇ.

ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದ ಗಂಡ ಬಿದ್ದು, ಎರಡು ಬೆಂಚುಗಳ ನಡುವೆ ಸಿಕ್ಕಿಕೊಂಡಿದ್ದರು.

"ಒಂದ ನಿಮಿಷ ತಡಕೋರಿ!" ಎಂದೆ ಅಂಕಣದ ಕಡೆ ನೋಡುತ್ತಲೇ.

"ಆಗಲ್ಲ ಕಣೇ! ಕಾಲು ಹೋಯ್ತು!"

ಮೈಮೇಲೆ ಹಸಿರು ಜಾಕೀಟು. ಜನ ನನ್ನನ್ನೇ ನೋಡುತ್ತಿದ್ದಾರೆ. ಹೋಗಿ ಬಗ್ಗಿದೆ. ಬೂಟು ಬಿಚ್ಚಿ ಪಾದದ ಗಂಟು ಮುಟ್ಟುತ್ತಿದ್ದಂತೆ ಹಾಲಿನ ಚಾವಣಿ ಹಾರಿಹೋಗುವ ಹಾಗೆ ಗದ್ದಲವೆದ್ದಿತು. ಗಂಟೆ ಬಾರಿಸಿತು. ತಲೆಯೆತ್ತಿ ನೋಡಿದರೆ ಹುಡುಗಿಯರೆಲ್ಲ ನನ್ನ ಮಗಳನ್ನು ಎತ್ತಿಕೊಂಡಿದ್ದಾರೆ.

"ಏನಾತವ್ವಾ?"

"ನಾ ಎಲ್ಲಿ ನೋಡ್ದೆ? ಅಳಿಯಂದ್ರ ಕೈ ಹಿಡಕೊಂಡಿದ್ನೆಲ್ಲ" ಎಂದಳು ಅವ್ವ.

ಕಾಲು ಮುರಿದಿರಲಿಲ್ಲ, ಉಳುಕಿತ್ತು. ಐಸು ಕಟ್ಟುತ್ತಿರುವಾಗ ಮಗಳು ಬೆವರಿಳಿಸಿಕೊಂಡು ಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅಮ್ಮಾ, ಡಿಡ್ ಯು ಸೀ ಇಟ್?"

ನಾನು ಗಂಡನನ್ನು ನೋಡಿದೆ, ಗಂಡ ಅವ್ವನನ್ನು ನೋಡಿದರು, ಅವ್ವ ಐಸು ನೋಡಿದಳು. ಸುಳ್ಳು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. "ಇಲ್ಲ ಪುಟ್ಟಾ" ಎಂದೆ.

"ನೋಬಡಿ?"

"ಯಾರೂ."

ಅತ್ತೇಬಿಡುತ್ತಾಳೆ ಎಂದುಕೊಂಡೆ. ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಟೀಮಿನವರು ಹತ್ತಿರವೇ ಇದ್ದರು. ಮನೆಯಲ್ಲಿ ಎಷ್ಟು ಬೇಡಿದರೂ ಕನ್ನಡ ಆಡದವಳಿಗೆ, ಗುಟ್ಟು ಹೇಳುವಾಗ ಮಾತ್ರ ಕನ್ನಡ ಬರುತ್ತದೆ. ನಮ್ಮ ಪಕ್ಕ ಕುಕ್ಕರಿಸಿ, "ಒಳ್ಳೇದಾಯ್ತು" ಎಂದು ಪಿಸುಗುಟ್ಟಿದಳು. "ಅದು ನಾನು ಬುಟ್ಟಿಗೆ ಹಾಕಿದ್ದಲ್ಲ. ಬೇರೆ ಹುಡುಗಿಗೆ ಪಾಸ್ ಮಾಡೋಕೆ ಹೋದೆ. ಕೈ ಜಾರಿ ಚೆಂಡು ತಾನೇ ಬುಟ್ಟಿಗೆ ಬಿತ್ತು."

ಅವ್ವ ಅತ್ತಿತ್ತ ನೋಡಿ, ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದಳು.

"ಯಾರ ಮುಂದೂ ಬಾಯಿ ಬಿಡಬ್ಯಾಡ. ಬೇಕಂತನ ಹಾಕಿದೆ ಅಂತ ನೀ ಹೇಳು. ಕಣ್ಣಾರೆ ನೋಡೀವಿ ಅಂತ ನಾವ್ ಹೇಳ್ತೀವಿ."